ಶನಿವಾರದ ಭಜನೆ ನೆನಪಾಗಿ ಅಳು ಬರ್ತದೆ, ಇದು ಭಕ್ತಿಯಾ ಊರಿನ ನೆನಪಾ?

ಪ್ರಶ್ನೆ: ನಮಸ್ಕಾರ ಮೇಡಂ. ನಂದು ಕಾರ್ಕಳ ತಾಲೂಕಿನ ಒಂದು ಹಳ್ಳಿ, ಎರಡು ವರ್ಷದಿಂದ ಫಿನ್‌ಲ್ಯಾಂಡಿನ ಔಲು ಅನ್ನೋ ಊರಲ್ಲಿ ಕೆಲಸದಲ್ಲಿದ್ದೇನೆ. ಊರಲ್ಲಿ ನಮ್ಮ ಮನೆಯಿಂದ ಎರಡು ಗದ್ದೆ ದಾಟಿದ್ರೆ ಭಜನಾ ಮಂದಿರ, ಅಪ್ಪ ಅಲ್ಲಿ ಹಾರ್ಮೋನಿಯಂ ಬಾರಿಸೋದು, ಸಣ್ಣದಿರುವಾಗ ನಾನು ಪ್ರತಿ ಶನಿವಾರ ಹೋಗಿ ತಾಳ ಹಾಕ್ತಿದ್ದೆ. ಕಾಲೇಜಿಗೆ ಹೋದ ಮೇಲೆ ಅಪ್ಪನ ಒತ್ತಾಯಕ್ಕೆ ಹೋಗಿ ಹಿಂದೆ ಕೂತು ಮೊಬೈಲ್ ನೋಡ್ತಿದ್ದೆ. ಈಗ ಅಪ್ಪ ಶನಿವಾರ ವಿಡಿಯೋ ಕಾಲ್ ಮಾಡಿ ಫೋನ್ ಕಂಬಕ್ಕೆ ಒರಗಿಸಿ ಇಡ್ತಾರೆ, ಇಲ್ಲಿ ಆಗ ಮಧ್ಯಾಹ್ನ ಮೂರೂವರೆ, ಚಳಿಗಾಲದಲ್ಲಿ ಹೊರಗೆ ಪೂರ್ತಿ ಕತ್ತಲೆ. ಮಂಗಳ ಹೇಳುವ ಹೊತ್ತಿಗೆ ತಡೆಯೋಕಾಗದೆ ಕಾಲ್ ಕಟ್ ಮಾಡ್ತೇನೆ, ಆಮೇಲೆ ಇಡೀ ಸಂಜೆ ಮನಸ್ಸು ಸರಿ ಇರೋದಿಲ್ಲ. ಹೆಂಡತಿ ಬೆಂಗಳೂರಿನವಳು, ಮನೇಲೇ ದೀಪ ಹಚ್ಚಿ ಪೂಜೆ ಮಾಡಿ ಅಂತಾಳೆ, ಮಾಡ್ತೇನೆ, ಆದ್ರೆ ಅದು ಬೇರೆ ಇದು ಬೇರೆ ಅನಿಸ್ತದೆ. ಕಳೆದ ಡಿಸೆಂಬರಲ್ಲಿ ಆಫೀಸಿನವರು ಕ್ರಿಸ್ಮಸ್ ಹಾಡು ಹಾಡ್ಲಿಕ್ಕೆ ಚರ್ಚಿಗೆ ಕರ್ಕೊಂಡು ಹೋಗಿದ್ರು, ಒಂದಕ್ಷರ ಅರ್ಥ ಆಗದಿದ್ರೂ ಅಲ್ಲೂ ಕಣ್ಣಲ್ಲಿ ನೀರು ಬಂತು, ಇದನ್ನ ಮನೆಯಲ್ಲಿ ಹೇಳಿಲ್ಲ. ಇದು ಭಕ್ತಿಯಾ, ಊರಿನ ನೆನಪಾ, ಇಲ್ಲ ಡಿಪ್ರೆಶನ್ನಾ? ಊರಲ್ಲಿರುವಾಗ ಬೆಲೆ ಕೊಡದವ ಈಗ ಅಳೋದು ನಾಟಕ ಅಲ್ವಾ?

ಉತ್ತರ: ಚರ್ಚಿನ ವಿಷಯದಿಂದಲೇ ಶುರು ಮಾಡ್ತೇನೆ, ಯಾಕಂದ್ರೆ ನೀವು ತಪ್ಪು ಒಪ್ಪಿಕೊಳ್ಳುವ ಹಾಗೆ ಕೊನೆಗೆ ಬರೆದ ಆ ಎರಡು ಸಾಲಲ್ಲೇ ನಿಮಗೆ ಬೇಕಾದ ಉತ್ತರ ಇದೆ. ನಿಮ್ಮ ಆಫೀಸಿನವರು ಕರ್ಕೊಂಡು ಹೋದದ್ದು ಫಿನ್‌ಲ್ಯಾಂಡಿನಲ್ಲಿ 1973ರಿಂದ ನಡ್ಕೊಂಡು ಬಂದ ಒಂದು ಪದ್ಧತಿಗೆ ಇರಬೇಕು, ಡಿಸೆಂಬರ್ ಬಂತು ಅಂದ್ರೆ ಅಲ್ಲಿಯ ಚರ್ಚುಗಳಲ್ಲಿ ಊರವರೆಲ್ಲ ಸೇರಿ ಕ್ರಿಸ್ಮಸ್ ಹಾಡು ಹೇಳ್ತಾರೆ, ವರ್ಷವಿಡೀ ಆ ಕಡೆ ತಲೆ ಹಾಕದವರೂ ಆ ಒಂದು ಸಂಜೆ ಬರ್ತಾರೆ, ಕೈಗೆ ಹಾಡಿನ ಪುಸ್ತಕ ಕೊಡ್ತಾರೆ, ಸ್ವರ ಚೆಂದ ಇದ್ದವ ಇಲ್ಲದವ ಅಂತ ಇಲ್ಲ, ಎಲ್ಲರೂ ಹಾಡೋದೇ. ಈಗ ಯೋಚನೆ ಮಾಡಿ, ಭಾಷೆ ನಿಮ್ಮದಲ್ಲ, ದೇವರು ನೀವು ಕೈ ಮುಗಿದು ಬೆಳೆದ ದೇವರಲ್ಲ, ರಾಗ ಕೇಳಿದ್ದಲ್ಲ, ಊರಿನ ವಾಸನೆ ಕೂಡ ಇಲ್ಲ, ಆದ್ರೂ ಅಳು ಬಂತು. ಅಲ್ಲಿ ಇದ್ದದ್ದು ಒಂದೇ, ನಿಮ್ಮ ಎಡಕ್ಕೂ ಬಲಕ್ಕೂ ಜನ ಕೂತು ಒಂದೇ ಉಸಿರಲ್ಲಿ ಹಾಡ್ತಿದ್ರು. ನಿಮಗೆ ತಪ್ಪಿಹೋಗಿರೋದು ಅದು. ಮನೆಯಲ್ಲಿ ಹೇಳದೆ ಇರುವಂಥ ತಪ್ಪೇನೂ ಇದರಲ್ಲಿ ಇಲ್ಲ, ಹೆಂಡತಿಗಾದ್ರೂ ಇವತ್ತೇ ಹೇಳಿ.

ನಿಮ್ಮ ಹೆಂಡತಿ ಹೇಳಿದ್ದು ಪ್ರೀತಿಯಿಂದಲೇ, ಆದ್ರೆ ಪೂಜೆ ಮತ್ತು ಭಜನೆ ನೀವೇ ಹೇಳಿದ ಹಾಗೆ ಬೇರೆ ಬೇರೆ. ಮನೆಪೂಜೆ ಒಬ್ಬರೇ ಮಾಡಿದ್ರೂ ಪೂರ್ತಿ ಆಗ್ತದೆ. ಭಜನೆಯಲ್ಲಿ ಒಬ್ಬ ಸೊಲ್ಲು ಹೇಳಿದ್ರೆ ಉಳಿದವರು ಅದನ್ನ ತಿರುಗಿ ಹೇಳಬೇಕು, ಹೇಳುವವರಿಲ್ಲದಿದ್ರೆ ಆ ಸೊಲ್ಲು ಅಲ್ಲೇ ನೇತಾಡ್ತದೆ. ಇದು ಇನ್ನೊಬ್ಬರು ಬೇಕೇ ಬೇಕಾದ ಆರಾಧನೆ. ನಾನು ಕುಂದಾಪುರ ಕಡೆಯವಳು, ಕೌನ್ಸೆಲಿಂಗ್ ಕೆಲಸ ಶುರು ಮಾಡಿ ಇಪ್ಪತ್ತು ವರ್ಷ ದಾಟಿತು, ಹೊರದೇಶದಲ್ಲಿರುವ ನಮ್ಮವರು ಫೋನಿನಲ್ಲಿ ಹೇಳ್ಕೊಳ್ಳುವ ಸಂಕಟದಲ್ಲಿ ಇದು ತುಂಬಾ ಸಲ ಬಂದಿದೆ, ಮಸೀದಿಯ ರಂಜಾನ್ ರಾತ್ರಿಯ ತರಾವೀಹ್ ನಮಾಜ್ ನೆನೆದು ಅತ್ತವರೂ ಇದ್ದಾರೆ, ಮೇರಿ ಮಾತೆಯ ಮೊಂತಿ ಹಬ್ಬಕ್ಕೆ ಹೂ ಹಿಡ್ಕೊಂಡು ಸಾಲಲ್ಲಿ ಹೋಗ್ತಿದ್ದದ್ದು ನೆನೆದು ಅತ್ತ ಕ್ಯಾಥೊಲಿಕ್ ಹೆಂಗಸರೂ ಇದ್ದಾರೆ. ಎಲ್ಲರಿಗೂ ಸಿಗೋ ಸಲಹೆ ಒಂದೇ, ದೇವರು ಎಲ್ಲ ಕಡೆ ಇದ್ದಾನಲ್ಲ ಅಂತ. ಇದ್ದಾನೆ, ಸರಿ, ಆದ್ರೆ ಪಕ್ಕದಲ್ಲಿ ಕೂತ ಸಂಜೀವಣ್ಣ ಎಲ್ಲ ಕಡೆ ಇಲ್ವಲ್ಲ!

ಇದು ಬರೀ ಮನಸ್ಸಿನ ಮಾತೂ ಅಲ್ಲ, ದೇಹದ್ದೂ ಹೌದು. 2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸಂಶೋಧಕರು ಒಟ್ಟಿಗೆ ಹಾಡುವ ಹುಡುಗ ಹುಡುಗಿಯರ ಎದೆಬಡಿತ ಅಳೆದು ನೋಡಿದ್ರು, ಹಾಡಿನ ಸಾಲಿಗೆ ತಕ್ಕ ಹಾಗೆ ಎಲ್ಲರೂ ಒಂದೇ ಹೊತ್ತಿಗೆ ಉಸಿರು ತಗೊಳ್ತಾರೆ, ಉಸಿರಿನ ಜೊತೆ ಎದೆಬಡಿತವೂ ಎಲ್ಲರದ್ದೂ ಒಟ್ಟೊಟ್ಟಿಗೆ ಏರಿ ಇಳೀತದೆ ಅಂತ ಕಂಡಿತು. 2015ರಲ್ಲಿ ಆಕ್ಸ್‌ಫರ್ಡಿನವರು ಇನ್ನೊಂದು ನೋಡಿದ್ರು, ಗುರುತಿಲ್ಲದ ದೊಡ್ಡವರನ್ನ ಕೆಲವರನ್ನ ಹಾಡಿನ ಕ್ಲಾಸಿಗೆ, ಕೆಲವರನ್ನ ಕೈಕಸುಬು, ಬರವಣಿಗೆಯ ಕ್ಲಾಸಿಗೆ ಹಾಕಿ ಏಳು ತಿಂಗಳು ಗಮನಿಸಿದ್ರೆ ಕೊನೆಗೆ ಎಲ್ಲ ಗುಂಪಿನವರೂ ಹತ್ತಿರ ಆಗಿದ್ರು, ಆದ್ರೆ ಹಾಡಿನವರು ಮೊದಲ ಕೆಲವು ವಾರದಲ್ಲೇ ಹತ್ತಿರ ಆಗಿಬಿಟ್ಟಿದ್ರು. ನಿಮ್ಮ ಮೈ ಸಣ್ಣ ಪ್ರಾಯದಿಂದ ವಾರಕ್ಕೊಂದು ಸಲ ಇಪ್ಪತ್ತು ಮೂವತ್ತು ಜನರ ಜೊತೆ ಹೀಗೆ ಒಂದಾಗಿ ಬೆಳೆದದ್ದು, ಎರಡು ವರ್ಷದಿಂದ ಅದು ಪೂರ್ತಿ ನಿಂತಿದೆ, ಹಾಗಿರುವಾಗ ಕಣ್ಣೀರು ಬಂದ್ರೆ ಅದಕ್ಕೆ ನಾಟಕ ಅಂತ ಹೆಸರು ಇಡ್ಬೇಡಿ.

ಇನ್ನು ನಿಮ್ಮ ಮೊಬೈಲ್ ಕಥೆ. ಭಜನೆಗೆ ಹೋದ ಯಾರೇ ಹೇಳ್ತಾರೆ, ಹಿಂದೆ ಗೋಡೆಗೆ ಒರಗಿ ಮೊಬೈಲ್ ನೋಡುವ ಹುಡುಗರ ಬಾಯಿ ಪಲ್ಲವಿ ಬಂದ ಕೂಡ್ಲೆ ತನ್ನಷ್ಟಕ್ಕೆ ಆಡ್ತಾ ಇರ್ತದೆ, ಅವರಿಗೇ ಗೊತ್ತಿರೋದಿಲ್ಲ. ನಿಮ್ಮದೂ ಆಡಿರ್ತದೆ, ಅಪ್ಪನ ಹತ್ರ ಬೇಕಾದ್ರೆ ಕೇಳಿ. ಬೆಲೆ ಕೊಡ್ಲಿಲ್ಲ ಅಂತೀರಿ, ನೀರಿಗೆ, ಗಾಳಿಗೆ, ಅಮ್ಮನ ಅಡುಗೆಗೆ ಆ ಪ್ರಾಯದಲ್ಲಿ ಯಾರು ಬೆಲೆ ಕೊಟ್ಟಿದ್ದಾರೆ ಹೇಳಿ ಮಾರಾಯ್ರೆ.

ಈಗ ವಿಡಿಯೋ ಕಾಲ್ ಯಾಕೆ ಸಮಾಧಾನದ ಬದಲು ಸಂಕಟ ತರ್ತದೆ ಅನ್ನೋದು, ಇದನ್ನ ಸ್ವಲ್ಪ ಉದ್ದಕ್ಕೆ ಹೇಳ್ಬೇಕು. ದೇವಸ್ಥಾನದ ಆರತಿಯನ್ನ ಲೈವ್‌ನಲ್ಲಿ ನೋಡಿದ್ರೆ ಏನೋ ಒಂದು ದರ್ಶನ ಸಿಗ್ತದೆ, ಅಲ್ಲಿ ನಿಂತಿದ್ರೂ ನೀವು ನೋಡೋದೇ ಮಾಡ್ತಿದ್ದದ್ದು. ಭಜನೆ ನೋಡುವಂಥದ್ದಲ್ಲ. ನೀವು ಇಲ್ಲಿ ತಾಳ ಹಾಕಿದ್ರೆ ಅಲ್ಲಿ ಯಾರಿಗೂ ಕೇಳಿಸ್ಬಾರದು ಅಂತ ಮ್ಯೂಟ್ ಮಾಡಿರ್ತೀರಿ, ಅಂದ್ರೆ ಅಲ್ಲಿ ಎಲ್ಲ ನಡೀತಾ ಇದೆ, ನೀವು ಇಲ್ಲದೆಯೂ ನಡೀತಾ ಇದೆ, ಅದನ್ನ ಒಂದೂವರೆ ಗಂಟೆ ಕಣ್ಣಾರೆ ನೋಡಿ ಕೂತ್ಕೊಳ್ಳೋದು. ಮ್ಯೂಟ್ ತೆಗೆದ್ರೂ ಆಗೋದಿಲ್ಲ, 2020ರಲ್ಲಿ ಕೊರೊನಾ ಬಂದು ಮಂದಿರಗಳಿಗೆ ಬೀಗ ಬಿದ್ದಾಗ ಎಷ್ಟೋ ಕಡೆ ಜೂಮ್‌ನಲ್ಲಿ ಭಜನೆ ಮಾಡ್ಲಿಕ್ಕೆ ನೋಡಿದ್ರು, ಎರಡನೇ ಸಾಲಿಗೇ ತಾಳ ಚೆಲ್ಲಾಪಿಲ್ಲಿ. ಅದಕ್ಕೆ ಕಾರಣ ಉಂಟು. ಒಟ್ಟಿಗೆ ಹಾಡುವವರ ಮಧ್ಯೆ ಸ್ವರ ತಲುಪೋದು ಸುಮಾರು 25-30 ಮಿಲಿಸೆಕೆಂಡಿಗಿಂತ ತಡ ಆದ್ರೆ ಲಯ ಎಳೆದುಕೊಂಡು ಹೋಗ್ಲಿಕ್ಕೆ ಶುರು ಆಗ್ತದೆ, ಒಬ್ಬ ಇನ್ನೊಬ್ಬನಿಗೆ ಕಾಯ್ತಾನೆ, ಅವ ಇವನಿಗೆ ಕಾಯ್ತಾನೆ. ಗಾಳಿಯಲ್ಲಿ ಶಬ್ದ ಅಷ್ಟು ಹೊತ್ತಲ್ಲಿ ಹೋಗೋದು ಹತ್ತು ಮೀಟರ್, ಲೆಕ್ಕ ಹಾಕಿ ನೋಡಿ, ನಮ್ಮೂರ ಒಂದು ಸಣ್ಣ ಭಜನಾ ಮಂದಿರದ ಉದ್ದ ಅಷ್ಟೇ! ಔಲುವಿನಿಂದ ಉಡುಪಿ ಕಡೆಗೆ ನೇರ ಗೆರೆ ಎಳೆದ್ರೂ 6,800 ಕಿಲೋಮೀಟರ್ ಆಗ್ತದೆ, ಗಾಜಿನ ಕೇಬಲ್ಲಿನೊಳಗೆ ಬೆಳಕೇ ಅಷ್ಟು ದೂರ ಓಡ್ಲಿಕ್ಕೆ 34 ಮಿಲಿಸೆಕೆಂಡ್ ಬೇಕು, ಮತ್ತೆ ಕಾಲ್‌ನ ಉಳಿದ ತಡ ಸೇರಿದ್ರೆ ಅದರ ಎಷ್ಟೋ ಪಟ್ಟು. ಹಾಗಾಗಿ ಎಷ್ಟು ಒಳ್ಳೆಯ ಇಂಟರ್ನೆಟ್ ಬಂದ್ರೂ ಅಪ್ಪನ ಹಾರ್ಮೋನಿಯಂಗೆ ನೀವು ಔಲುವಿನಿಂದ ತಾಳ ಹಾಕಿ ಹೊಂದಿಸ್ಲಿಕ್ಕಾಗೋದಿಲ್ಲ. ನಿಮ್ಮ ಭಕ್ತಿ ಕಮ್ಮಿ ಆಗಿ ಹಾಗಾಗೋದಲ್ಲ, ತಿಳ್ಕೊಳ್ಳಿ.

ಆದ್ರೆ ತಡ ಆದ್ರೂ ನಡೆಯುವಂಥದ್ದು ಭಜನೆಯ ಒಳಗೇ ಒಂದು ಉಂಟು, ಸೊಲ್ಲು ಹೇಳಿ ಹೇಳಿಸೋದು. ನೀವು ಒಂದು ಸಾಲು ಹೇಳಿ ನಿಲ್ಲಿಸಿ, ಅರ್ಧ ಸೆಕೆಂಡು ಬಿಟ್ಟು ಅಲ್ಲಿ ಮೂವತ್ತು ಜನ ಅದನ್ನೇ ಹೇಳ್ಲಿ, ಅದು ಮುಗಿದ ಮೇಲೆ ನೀವು ಮುಂದಿನ ಸಾಲು. ಮಧ್ಯದ ಆ ಖಾಲಿ ಯಾರಿಗೂ ತೊಂದರೆ ಕೊಡೋದಿಲ್ಲ. ಮುಂದಿನ ಶನಿವಾರ ಅಪ್ಪನಿಗೆ ಮೊದಲೇ ಫೋನ್ ಮಾಡಿ ಹೇಳಿ, ಫೋನನ್ನ ಕಂಬಕ್ಕೆ ಒರಗಿಸೋದು ಬಿಟ್ಟು ಮಂದಿರದ ಸ್ಪೀಕರಿಗೆ ಸಿಕ್ಕಿಸ್ಲಿಕ್ಕೆ ಆಗ್ತದಾ ನೋಡಿ, ನಂಗೊಂದು ನಾಮಸ್ಮರಣೆ ಬಿಡಿ ಅಂತ. ಒಂದೇ ಒಂದು, ನಾಲ್ಕು ನಿಮಿಷದ್ದು. ಇಡೀ ಒಂದೂವರೆ ಗಂಟೆ ನೋಡ್ಬೇಡಿ, ನಿಮ್ಮ ಪಾಳಿ ಮುಗಿಸಿ ಮಂಗಳದವರೆಗೆ ಇದ್ದು ಕಾಲ್ ಇಡಿ. ನೋಡುವವರಾಗಿದ್ದ ನೀವು ಆ ನಾಲ್ಕು ನಿಮಿಷ ಅವರಿಗೆ ಬೇಕಾದವರಾಗ್ತೀರಿ. ಗಲ್ಫಿನಲ್ಲಿರುವ ಒಬ್ಬರಿಗೆ ಇದನ್ನೇ ಹೇಳಿದ್ದೆ, ಮೂರು ವಾರ ಬಿಟ್ಟು ಫೋನ್ ಮಾಡಿ, ಮೇಡಂ ಈಗ ಶುಕ್ರವಾರ ರಾತ್ರಿಯೇ ಯಾವ ಹಾಡು ಅಂತ ಪುಸ್ತಕ ತೆಗೆದು ಕೂತ್ಕೊಳ್ತೇನೆ ಅಂದ್ರು.

ಇಷ್ಟು ಮಾಡಿದ್ರೆ ಊರಿನ ಎಳೆ ಗಟ್ಟಿ ಆಗ್ತದೆ, ಆದ್ರೆ ಹತ್ತು ಮೀಟರಿನೊಳಗಿನ ಜನ ನಿಮಗೆ ಔಲುವಿನಲ್ಲೂ ಬೇಕು. ಇದಕ್ಕೆ ನನ್ನ ದೊಡ್ಡಪ್ಪನ ವಿಷಯ ಹೇಳ್ಬೇಕು. ಅವರು ಹದಿಮೂರನೇ ವರ್ಷಕ್ಕೆ ಮುಂಬೈ ಹೋಟೆಲಿಗೆ ಹೋದವರು, ಆ ಕಾಲದಲ್ಲಿ ನಮ್ಮ ಕರಾವಳಿಯ ಎಷ್ಟೋ ಮಕ್ಕಳು ಹಾಗೆಯೇ ಹೋದದ್ದು, ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿಶಾಲೆ. ಶನಿವಾರ ರಾತ್ರಿ ಗಿರಾಕಿಗಳು ಹೋಗಿ ಶಟರ್ ಅರ್ಧ ಎಳೆದ ಮೇಲೆ ಮೇಜುಗಳನ್ನೆಲ್ಲ ಗೋಡೆಗೆ ದೂಡಿ, ಗಲ್ಲಾದ ಮೇಲಿದ್ದ ದೇವರ ಫೋಟೋ ಇಳಿಸಿ ಕುರ್ಚಿ ಮೇಲಿಟ್ಟು ಭಜನೆಗೆ ಕೂತ್ಕೊಳ್ತಿದ್ರಂತೆ. ತಾಳ ಎಲ್ಲಿಂದ ಬರ್ಬೇಕು, ಸ್ಟೀಲ್ ತಟ್ಟೆಗೆ ಚಮಚದಲ್ಲಿ ಬಡಿಯೋದು, ಪಂಚಕಜ್ಜಾಯ ಅಂದ್ರೆ ಉಳಿದ ಅವಲಕ್ಕಿಗೆ ಬೆಲ್ಲ ತೆಂಗಿನಕಾಯಿ. ಆ ಹುಡುಗರಲ್ಲಿ ಬೇರೆ ಬೇರೆ ಜಾತಿಯವರಿದ್ರು, ಊರಲ್ಲಿ ಒಂದೇ ಸಾಲಲ್ಲಿ ಕೂತವರಲ್ಲ, ಅಲ್ಲಿ ಕೂತ್ರು. ಮುಂಬೈಯಲ್ಲಿ ನಮ್ಮವರ ಭಜನಾ ಮಂಡಳಿಗಳು, ಶನಿಪೂಜೆಯ ಸಮಿತಿಗಳು ಅಷ್ಟೊಂದು ಆದದ್ದರ ಹಿಂದೆ ಇಂಥ ಮಕ್ಕಳ ಒಂಟಿತನ ಉಂಟು ಅಂತ ನಾನು ನಂಬಿದ್ದೇನೆ. ದೊಡ್ಡಪ್ಪ ವಾಪಸ್ ಊರಿಗೆ ಬಂದು ನಮ್ಮ ಮಂದಿರದಲ್ಲಿ ಕೂತಾಗಲೂ ಆ ಚಮಚದ ತಾಳದ ಸುದ್ದಿ ಬಿಡ್ತಿರಲಿಲ್ಲ.

ಇನ್ನೂ ದೂರದ್ದು ಬೇಕಾದ್ರೆ ಫಿಜಿ ನೋಡಿ. 1879ರಿಂದ 1916ರವರೆಗೆ ಸುಮಾರು ಅರುವತ್ತು ಸಾವಿರ ಜನರನ್ನ ಐದು ವರ್ಷದ ಗಿರ್ಮಿಟ್ ಕರಾರಿನ ಮೇಲೆ ಕಬ್ಬಿನ ಗದ್ದೆಗೆ ಹಡಗಿನಲ್ಲಿ ಒಯ್ದರು, ಬೇರೆ ಬೇರೆ ಜಿಲ್ಲೆ, ಬೇರೆ ಬೇರೆ ಭಾಷೆ, ಒಬ್ಬರ ಕುಲದೇವರು ಇನ್ನೊಬ್ಬರಿಗೆ ಗೊತ್ತಿಲ್ಲ. ಗುಡಿ ಇಲ್ಲ, ಅರ್ಚಕರು ಸಿಗೋದು ಕಷ್ಟ. ಅವರು ತುಳಸೀದಾಸರ ರಾಮಾಯಣ ಇಟ್ಕೊಂಡು ಸುತ್ತ ಕೂತು ಓದಿ ಹಾಡ್ಲಿಕ್ಕೆ ಶುರು ಮಾಡಿದ್ರು, ಇವತ್ತಿಗೂ ಫಿಜಿಯಲ್ಲಿ ಮಂಗಳವಾರ ಮಂಗಳವಾರ ರಾಮಾಯಣ ಮಂಡಳಿಗಳು ಸೇರ್ತವೆ, ಹಾರ್ಮೋನಿಯಂ, ಢೋಲಕ್ ಎಲ್ಲ ಇಟ್ಕೊಂಡು. ಅದು ಯಾರ ಊರಿನ ಪದ್ಧತಿಯ ನಕಲೂ ಅಲ್ಲ, ಅಲ್ಲಿ ಹುಟ್ಟಿದ್ದು. ನೀವು ಊರಿನ ಶನಿವಾರವನ್ನ ಹಾಗೇ ಎತ್ತಿ ಔಲುವಿನಲ್ಲಿ ಇಡ್ತೇನೆ ಅಂತ ಹೊರಟ್ರೆ ಸೋಲ್ತೀರಿ, ಪ್ರತಿ ವಾರ ಇದು ಸರಿ ಇಲ್ಲ ಅದು ಸರಿ ಇಲ್ಲ ಅಂತ ಕಾಣ್ತದೆ.

ಒಂದು ಎಚ್ಚರಿಕೆಯನ್ನ ನನ್ನ ಅನುಭವದಿಂದಲೇ ಹೇಳ್ತೇನೆ. ನಾನು ಓದ್ಲಿಕ್ಕೆ ಅಂತ ನಾಲ್ಕು ವರ್ಷ ಎಡಿನ್‌ಬರೋದಲ್ಲಿ ಇದ್ದೆ. ಭಜನೆ ಉಂಟು ಅಂತ ಕೇಳಿ ಒಮ್ಮೆ ರೈಲು ಹತ್ತಿ ಬೇರೆ ಊರಿಗೆ ಹೋದೆ, ಹೋಗಿ ನೋಡಿದ್ರೆ ಸ್ಟೇಜ್, ಮೈಕು, ಒಳ್ಳೆಯ ಗಾಯಕರು, ನಾವೆಲ್ಲ ಕುರ್ಚಿ ಮೇಲೆ ಕೂತು ಚಪ್ಪಾಳೆ ತಟ್ಟೋದು. ಅವರದ್ದೇನೂ ತಪ್ಪಿಲ್ಲ, ಚೆಂದವೇ ಹಾಡಿದ್ರು, ಆದ್ರೆ ವಾಪಸ್ ಬರುವ ರೈಲಿನಲ್ಲಿ ನಾನು ಹೋಗುವಾಗಿನದಕ್ಕಿಂತ ಹೆಚ್ಚು ಒಂಟಿ ಆಗಿದ್ದೆ. ಅದಕ್ಕೇ ಹೇಳೋದು, ಆರುನೂರು ಕಿಲೋಮೀಟರ್ ದೂರದ ಹೆಲ್ಸಿಂಕಿಗೆ ವರ್ಷಕ್ಕೊಮ್ಮೆ ಹೋಗಿ ದೊಡ್ಡ ಕಾರ್ಯಕ್ರಮ ನೋಡಿ ಬರೋದರಿಂದ ನಿಮ್ಮ ಈ ಹಸಿವು ಹೋಗೋದಿಲ್ಲ. ನಿಮಗೆ ಬೇಕಾದದ್ದು ಔಲುವಿನಲ್ಲೇ ಇರುವ ಐದು ಜನ, ಎರಡು ವಾರಕ್ಕೊಮ್ಮೆ, ನೆಲದ ಮೇಲೆ, ಮೈಕ್ ಇಲ್ಲದೆ.

ಐದು ಜನ ಎಲ್ಲಿಂದ ಅಂತ ಕೇಳ್ತೀರಿ. ಔಲು ಟೆಕ್ನಾಲಜಿ ಕಂಪನಿಗಳ, ಯೂನಿವರ್ಸಿಟಿಯ ಊರು, ತೆಲುಗಿನವರು, ಮಲಯಾಳಿಗಳು, ಮರಾಠಿಯವರು ಯಾರಾದ್ರೂ ಇದ್ದೇ ಇರ್ತಾರೆ. ಕನ್ನಡದವರೇ ಬೇಕು ಅಂತ ಕಾದ್ರೆ ಇನ್ನೆರಡು ವರ್ಷ ಹೋಗ್ತದೆ. ನಮ್ಮ ದಾಸರ ಪದದ ಗುಣ ನೋಡಿ, ತಂಬೂರಿ, ತಾಳ, ಗೆಜ್ಜೆ ಇಷ್ಟೇ ಹಿಡ್ಕೊಂಡು ಬೀದಿ ಬೀದಿ ತಿರುಗಿದವರು ಕಟ್ಟಿದ್ದು, ಸಣ್ಣ ಪಲ್ಲವಿ ಮತ್ತೆ ಮತ್ತೆ ಬರ್ತದೆ, ಬಾಗಿಲಲ್ಲಿ ನಿಂತು ಕೇಳಿದವರಿಗೂ ಎರಡನೇ ಸುತ್ತಿಗೆ ಬಾಯಿಗೆ ಬರ್ತದೆ. ಭಾಷೆ ಬಾರದ ಮಲಯಾಳಿಗೆ ಪಲ್ಲವಿ ಮಾತ್ರ ಕೊಡಿ, ಚರಣ ನೀವು ಹೇಳಿ, ಆಮೇಲೆ ಅವರ ಭಜನೆಗೆ ನೀವು ಪಲ್ಲವಿ ಹೇಳಿ. ಮರಾಠಿಯವ ವಾರಕರಿ ಮನೆಯವನಾಗಿದ್ರೆ, ಅಂದ್ರೆ ಅಭಂಗ ಹಾಡ್ತಾ ಪಂಢರಪುರಕ್ಕೆ ನಡೆದು ಹೋಗುವ ವಿಠಲನ ಭಕ್ತರ ಮನೆಯವನಾಗಿದ್ರೆ, ನಿಮ್ಮ ಪುಣ್ಯ, ತಾಳದ ಬಗ್ಗೆ ಅವನಿಗೆ ಹೇಳಿಕೊಡುವಂಥದ್ದು ಏನೂ ಇರೋದಿಲ್ಲ.

ಜಾಗದ್ದು ಹೇಳೋದಾದ್ರೆ ಫಿನ್‌ಲ್ಯಾಂಡಿನ ತುಂಬಾ ಫ್ಲಾಟುಗಳಲ್ಲಿ ಎಲ್ಲರಿಗೂ ಅಂತ ಒಂದು ಕ್ಲಬ್ ರೂಮ್ ಇರ್ತದೆ, ನಿಮ್ಮ ಬಿಲ್ಡಿಂಗಿನವರ ಹತ್ರ ವಿಚಾರಿಸಿ ಬುಕ್ ಮಾಡಿ, ಸಂಜೆ ಐದಕ್ಕೋ ಆರಕ್ಕೋ ಇಟ್ಕೊಳ್ಳಿ, ರಾತ್ರಿ ಹತ್ತರ ಮೇಲೆ ಸದ್ದು ಮಾಡ್ಬಾರದು ಅಂತ ಸಾಮಾನ್ಯವಾಗಿ ಅಲ್ಲಿ ನಿಯಮ. ಊದುಬತ್ತಿ ಬೇಡ, ಹೊಗೆಯ ಅಲಾರಂ ಹೊಡ್ಕೊಂಡ್ರೆ ಮುಂದಿನ ಸಲ ರೂಮ್ ಸಿಗೋದು ಕಷ್ಟ, ಒಂದು ಸಣ್ಣ ಎಣ್ಣೆದೀಪ ತಟ್ಟೆಯ ಮೇಲಿಟ್ಟು ಕಣ್ಣಳತೆಯಲ್ಲಿ ಇರ್ಲಿ. ಮತ್ತೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳ್ತೇನೆ, ಪ್ರಸಾದ ಅಂದ್ರೆ ಪಂಚಕಜ್ಜಾಯ ಒಂದೇ, ಅದನ್ನೂ ನೀವೇ ಕಲಸಿ. ಹೀಗೆ ಶುರುವಾದ ಎಷ್ಟೋ ಭಜನೆ ಆರು ತಿಂಗಳಲ್ಲಿ ಹದಿನೈದು ಜನರ ಊಟವಾಗಿ, ಹೆಂಗಸರು ಅಡುಗೆಮನೆಯಲ್ಲಿ, ಗಂಡಸರು ಹಾಡಿನಲ್ಲಿ ಆಗಿ, ಕೊನೆಗೆ ಮನೆಯಾಕೆಗೆ ಸಾಕಾಗಿ ನಿಂತದ್ದನ್ನ ನೋಡಿದ್ದೇನೆ. ನಿಮ್ಮ ಹೆಂಡತಿಗೆ ಇಷ್ಟ ಆದ್ರೆ ಬಂದು ಕೂತ್ಕೊಳ್ಳಲಿ, ಇಲ್ಲದಿದ್ರೆ ಅವಳ ಪಾಡಿಗೆ ಬಿಡಿ, ಅವಳು ಕಳ್ಕೊಂಡದ್ದು ಬೇರೆ ಏನೋ ಇರಬಹುದು, ಅದನ್ನ ನೀವು ಕೇಳಿದ್ದೀರಾ?

ಎಲ್ಲ ಆರಾಧನೆಯೂ ಹೀಗೆ ನಮ್ಮ ಜೊತೆ ಹೊರಡೋದಿಲ್ಲ ಅನ್ನೋದನ್ನೂ ಹೇಳಿಬಿಡ್ತೇನೆ. ನಿಮ್ಮ ಕಡೆಯವರಿಗೆ ದೈವದ ನೇಮ ಇರ್ತದೆ, ಅದು ಆ ಮಣ್ಣಿಗೆ, ಆ ಗುತ್ತಿನ ಮನೆಗೆ, ಆ ಕಟ್ಟುಕಟ್ಟಳೆಗೆ ಸೇರಿದ್ದು, ಅದನ್ನ ಬೇರೆ ಕಡೆ ಮಾಡ್ಲಿಕ್ಕೆ ಹೋಗೋದು ಸರಿಯಲ್ಲ ಅನ್ನುವವರ ಜೊತೆ ನಾನಿದ್ದೇನೆ. ಆ ನೋವಿಗೆ ಮದ್ದು ಟಿಕೆಟ್ ಒಂದೇ, ರಜೆ ಹಾಕುವಾಗ ದೀಪಾವಳಿ ನೋಡುವ ಬದಲು ನೇಮದ ತಾರೀಕು ಕೇಳಿ ಹಾಕಿ. ಭಜನೆ ಹಾಗಲ್ಲ, ಅದಕ್ಕೆ ಮೂರ್ತಿಯೂ ಬೇಡ ಅರ್ಚಕರೂ ಬೇಡ, ಹಾಗಾಗಿ ಅದನ್ನ ಇಲ್ಲ ಇಲ್ಲ ಅಂತ ಕೊರಗ್ತಾ ಇರುವ ಅಗತ್ಯ ನಿಮಗೆ ಇಲ್ಲ.

ಡಿಪ್ರೆಶನ್ ಪ್ರಶ್ನೆ. ನೀವು ಬರೆದದ್ದರಿಂದ ನೋಡಿದ್ರೆ ಶನಿವಾರ ಸಂಜೆ ಬೇಜಾರು, ಉಳಿದ ದಿನ ಕೆಲಸ ನಡೀತದೆ, ಇದು ಹಾತೊರೆಯುವಿಕೆ, ಕಾಯಿಲೆ ಅಂತ ಕಾಣೋದಿಲ್ಲ. ಆದ್ರೆ ಡಿಸೆಂಬರ್ ಕೊನೆಗೆ ಔಲುವಿನಲ್ಲಿ ಹಗಲು ಮೂರೂವರೆ ಗಂಟೆ ಮಾತ್ರ, ನಮ್ಮಂಥ ಬಿಸಿಲಿನವರಿಗೆ ಅದು ಸಣ್ಣ ಪೆಟ್ಟಲ್ಲ. ಎರಡು ವಾರ ಬಿಡದೆ ದಿನವಿಡೀ ಮನಸ್ಸು ಕುಗ್ಗಿದ್ರೆ, ನಿದ್ದೆ ಹಸಿವು ಕೆಟ್ರೆ, ಬೆಳಿಗ್ಗೆ ಏಳೋದೇ ಬೇಡ ಅನಿಸಿದ್ರೆ, ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಬಂದ್ರೂ, ಭಜನೆಯಿಂದ ಸರಿ ಆಗ್ತದೆ ಅಂತ ಕಾಯ್ಬೇಡಿ, ನಿಮ್ಮ ಕಂಪನಿಯ ಮೂಲಕ ಸಿಗುವ ಡಾಕ್ಟರ ಹತ್ರ ಕೂಡ್ಲೆ ಹೋಗಿ, ಬೆಳಕಿನ ಚಿಕಿತ್ಸೆ, ವಿಟಮಿನ್ ಡಿ ಎಲ್ಲ ಅವರೇ ಹೇಳ್ತಾರೆ. ಚರ್ಚಿನ ಹಾಡಿಗೆ ಮುಂದಿನ ಡಿಸೆಂಬರಲ್ಲೂ ಹೋಗಿ, ಕೈಗೆ ಕೊಟ್ಟ ಪುಸ್ತಕ ನೋಡಿ ಬಾಯಿ ತೆಗೆದು ಹಾಡಿ, ಅವರ ದೇವರ ಮುಂದೆ ಹಾಡಿದ್ದಕ್ಕೆ ನಿಮ್ಮೂರ ದೇವರು ಮುನಿಸ್ಕೊಳ್ಳೋದಿಲ್ಲ.

ಭಕ್ತಿಯಾ ಊರಿನ ನೆನಪಾ ಅಂತ ಕೇಳಿದ್ರಿ. ನನ್ನ ಕೆಲಸದಲ್ಲಿ ಇವೆರಡನ್ನ ಬೇರೆ ಮಾಡಿ ತೋರಿಸಿದವರನ್ನ ನಾನು ಇಷ್ಟರವರೆಗೆ ನೋಡ್ಲಿಲ್ಲ, ನನ್ನ ದೊಡ್ಡಪ್ಪನಿಗೂ ಅದು ಎರಡಾಗಿ ಇರಲಿಲ್ಲ. ಅಪ್ಪನಿಗೆ ಶನಿವಾರದ ಮೊದಲೇ ಫೋನ್ ಮಾಡಿ. ಮತ್ತೆ ಈ ಸಲ ಊರಿಗೆ ಹೋದಾಗ ವಾಪಸ್ ಬರುವ ಮೊದಲು ಕಾರ್ಕಳ ಪೇಟೆಯಲ್ಲಿ ಒಳ್ಳೆಯ ಕಂಚಿನ ತಾಳ ನೋಡಿ ತಗೊಳ್ಳಿ, ಬಡಿದು ನಾದ ಕೇಳಿಯೇ ತಗೊಳ್ಳಿ, ಭಾರ ಆಗ್ತದೆ ಅಂತ ಒಂದೇ ಜೊತೆ ತರಬೇಡಿ, ನಾಲ್ಕು ಜೊತೆ ತನ್ನಿ.